ನಿಮ್ಮ ಮಿಕ್ಸಿಯಿಂದ ಇನ್ನಷ್ಟು ಪಡೆಯಿರಿ, ಅದು ಬದುಕಿದ್ದರೆ

ಮತ್ತೆ ಬಂದಿದೆ. "ಅಡುಗೆಮನೆಯ ಪುಟ್ಟ ಯಂತ್ರಗಳಿಂದ ಇನ್ನಷ್ಟು ಉಪಯೋಗ ಪಡೆಯುವುದು ಹೇಗೆ?" ಎಂಬ ಆ ಲೇಖನ. ನೀವೂ ಓದಿರುತ್ತೀರಿ. ಓದಿಲ್ಲದಿದ್ದರೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹಾಕಿರುತ್ತಾರೆ, ಅದರ ಕೆಳಗೆ ನಾಲ್ಕಾರು ಹೆಬ್ಬೆಟ್ಟು ಬಿದ್ದಿರುತ್ತವೆ. ಹೆಬ್ಬೆಟ್ಟು ಒತ್ತಿದವರು ಯಾರೂ ಒಳಗೆ ಏನಿದೆ ಅಂತ ನೋಡಿರುವುದಿಲ್ಲ. ಹೆಬ್ಬೆಟ್ಟಿನ ಕೆಲಸ ಹಿಂದಿನಿಂದಲೂ ಅದೇ ತಾನೆ.

ಕೆಟಲಿನಲ್ಲಿ ಬರೀ ನೀರು ಕಾಯಿಸುತ್ತೀರಾ? ಛೆ, ಎಂಥ ದಂಡ! ಅದರಲ್ಲೇ ಮೊಟ್ಟೆ ಬೇಯಿಸಿ. ರೈಸ್ ಕುಕ್ಕರಿನಲ್ಲಿ ಅನ್ನ ಮಾಡಿ ಸುಮ್ಮನಾಗುತ್ತೀರಾ? ಹಾಗಾದರೆ ಕೇಕ್ ಯಾರು ಮಾಡಬೇಕು? ಸ್ಯಾಂಡ್‌ವಿಚ್ ಮೇಕರಿಗೆ ಆಮ್ಲೆಟ್ ಹುಯ್ಯಿರಿ, ಕಾಫಿಬೀಜ ಪುಡಿಮಾಡುವ ಗ್ರೈಂಡರಿಗೆ ಮೆಣಸು ಸುರಿಯಿರಿ. (ಮಾರನೆಯ ದಿನ ಕಾಫಿ ಕುಡಿದವರ ಮುಖ ಏನಾಯಿತು ಎಂಬುದಕ್ಕೆ ಲೇಖನದಲ್ಲಿ ಜಾಗ ಸಾಲಲಿಲ್ಲ.)

ಇಷ್ಟು ಓದಿ ಹುರುಪಿನಿಂದ ಎದ್ದವರು ಕೆಟಲಿನ ಜೊತೆ ಬಂದ ಪುಸ್ತಕವನ್ನೂ ಒಂದು ಸಲ ತೆಗೆಯಬೇಕು. ಹತ್ತಾರು ಭಾಷೆಗಳಲ್ಲಿ ಅಚ್ಚಾಗಿರುವುದು ಒಂದೇ ಮಾತು: ನೀರು ಬಿಟ್ಟು ಬೇರೇನೂ ಹಾಕಕೂಡದು. ಹಾಕಿದಿರೋ, ವಾರಂಟಿ ಇಲ್ಲ. ಇನ್ನಷ್ಟು ಉಪಯೋಗ ಪಡೆಯಿರಿ ಎಂದು ಬೆನ್ನು ತಟ್ಟುವವರೂ, ಪಡೆದ ತಪ್ಪಿಗೆ ವಾರಂಟಿ ಕಿತ್ತುಕೊಳ್ಳುವವರೂ ಎಷ್ಟೋ ಸಲ ಒಂದೇ ಸೂರಿನಡಿ ಕೂತಿರುತ್ತಾರೆ. ಒಬ್ಬರು ಮೂರನೇ ಮಹಡಿ, ಇನ್ನೊಬ್ಬರು ನಾಲ್ಕನೇ ಮಹಡಿ. ಮಧ್ಯೆ ಲಿಫ್ಟು ಕೆಟ್ಟಿದೆ ಅಂತ ಕಾಣುತ್ತದೆ.

ಅದಿರಲಿ, ನಮಗೆ ಉಪಯೋಗ ಪಡೆಯಲು ಬರುವುದಿಲ್ಲ ಅಂತ ಇವರಿಗೆ ಹೇಳಿದ್ದು ಯಾರು? ಮೈಕ್ರೋವೇವನ್ನೇ ತೆಗೆದುಕೊಳ್ಳಿ. ಪರ್ಸಿ ಸ್ಪೆನ್ಸರ್ ಎಂಬ ರೇಡಾರ್ ಎಂಜಿನಿಯರ್ 1945ರಲ್ಲಿ ತನ್ನ ಜೇಬಿನಲ್ಲಿದ್ದ ಸಿಹಿ ಕರಗಿದ್ದನ್ನು ನೋಡಿ ಇದರ ಬೆನ್ನು ಹತ್ತಿದ. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಯಂತ್ರ ಆಳೆತ್ತರ ಇತ್ತು, ತೂಕ ಸುಮಾರು 340 ಕಿಲೋ. ಅದನ್ನು ಕಟ್ಟೆಯ ಮೂಲೆಗೆ ಹಿಡಿಸುವಷ್ಟು ಕುಗ್ಗಿಸಲು ಎಷ್ಟು ಜನರ ಬುದ್ಧಿ ಖರ್ಚಾಯಿತೋ! ಈಗ ಅದು ನಮ್ಮ ಮನೆಗಳಲ್ಲಿ ದಿನಕ್ಕೆ ಐದು ನಿಮಿಷ ನಿನ್ನೆಯ ಉಳಿಕೆ ಬಿಸಿಮಾಡುತ್ತದೆ, ಮಿಕ್ಕ ಹೊತ್ತೆಲ್ಲ ಗಡಿಯಾರವಾಗಿ ದುಡಿಯುತ್ತದೆ. ಕರೆಂಟು ಹೋಗಿ ಬಂದರೆ ಗಡಿಯಾರವೂ ಅಲ್ಲ, 12:00 ಅಂತ ಕಣ್ಣು ಹೊಡೆಯುತ್ತಾ ಕೂರುತ್ತದೆ. ಅದರ ಗುಂಡಿಗಳನ್ನು ಹತ್ತಿರದಿಂದ ನೋಡಿ. "30 ಸೆಕೆಂಡು" ಎಂಬ ಗುಂಡಿಯ ಅಕ್ಷರ ಒತ್ತಿ ಒತ್ತಿ ಅಳಿಸಿ, ಮೇಲಿನ ಪ್ಲಾಸ್ಟಿಕ್ ಗುಳಿಬಿದ್ದು ಅಂಚು ಸೀಳಿರುತ್ತದೆ. ಮೀನು, ತರಕಾರಿ, ಪಾಪ್‌ಕಾರ್ನ್, ಡಿಫ್ರಾಸ್ಟ್ ಮುಂತಾದ ಬಾಕಿ ಗುಂಡಿಗಳು ಅಂಗಡಿಯಲ್ಲಿದ್ದ ಹೊಳಪನ್ನೇ ಉಳಿಸಿಕೊಂಡಿರುತ್ತವೆ. ಯಂತ್ರ ಸಾಯುವುದು ಮಾತ್ರ ಆ ಒಂದು ಗುಂಡಿ ಕೈಕೊಟ್ಟಾಗ.

ಏರ್ ಫ್ರೈಯರ್ ಇನ್ನೂ ಬಹುಮುಖಿ. ಫಿಲಿಪ್ಸ್ ಅದನ್ನು 2010ರಲ್ಲಿ ಬರ್ಲಿನ್ನಿನ ಮೇಳದಲ್ಲಿ ತೋರಿಸಿದಾಗಿನಿಂದ ಜಗತ್ತು ಎಣ್ಣೆ ಬಿಟ್ಟಿದೆ ಎಂದು ನಂಬಿದವರಿದ್ದಾರೆ. ಹೆಸರು ಕರಿಯುವ ಯಂತ್ರ, ಒಳಗಿರುವುದು ಒಂದು ಕಾಯಿಲ್ಲು, ಅದರ ಮೇಲೊಂದು ಫ್ಯಾನು. ಚಿಕ್ಕ ಓವನ್ನಿಗೆ ಫ್ಯಾನು ಹಾಕಿದರೆ ಹೇಗೋ ಹಾಗೆ. ಕೆಲಸ ಚೆನ್ನಾಗಿಯೇ ಮಾಡುತ್ತದೆ, ಆ ಬಗ್ಗೆ ತಕರಾರಿಲ್ಲ. ಆದರೆ ಪಕ್ಕದಲ್ಲಿ ಫ್ಯಾನಿರುವ ಓವನ್ನೇ ಇರುವ ಮನೆಗೂ ಇದು ಬರುತ್ತದೆ. ಆಮೇಲೆ ಓವನ್ನಿಗೆ ಹೊಸ ಉಪಯೋಗ ಸಿಗುತ್ತದೆ: ದೊಡ್ಡ ಬಾಣಲೆಗಳ ವಸತಿಗೃಹ.

ಅಟ್ಟದ ಮೇಲಿನ ಖಾಲಿ ಡಬ್ಬಗಳ ವಿಚಾರ ಎತ್ತುವುದೇ ಬೇಡ. ವಾರಂಟಿಗೆ ಬೇಕಾದೀತು ಅಂತ ಎತ್ತಿಟ್ಟದ್ದು. ಯಂತ್ರ ಹೋಗಿ ವರ್ಷಗಳಾದವು, ಡಬ್ಬ ಗಟ್ಟಿಮುಟ್ಟಾಗಿದೆ.

ಈಗ ಒಂದು ಕೆಲಸ ಮಾಡಿ. ಮಿಕ್ಸಿಯ ಪ್ಲಗ್ಗು ಕಿತ್ತು, ಅದನ್ನು ಮಗುಚಿ ಬುಡದ ಚೀಟಿ ಓದಿ. ವೋಲ್ಟು, ವ್ಯಾಟು ಎಲ್ಲ ದಾಟಿದ ಮೇಲೆ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ "ಕೆಬಿ 1 ಮಿನಿಟ್" ಎಂದೋ ಅಂಥದ್ದೇ ಇನ್ನೊಂದು ಲೆಕ್ಕವೋ ಇರಬಹುದು. ಅಂದರೆ ಒಂದು ನಿಮಿಷ ದುಡಿದ ಮೇಲೆ ಇವರಿಗೆ ವಿಶ್ರಾಂತಿ ಕೊಡಬೇಕು. ಡಬ್ಬದ ಮೇಲೆ ಕಲ್ಲನ್ನೂ ಪುಡಿಮಾಡುವ ಭಂಗಿ, ಮಿಂಚು, ಬೆಂಕಿ. ಬುಡದಲ್ಲಿ ಒಂದು ನಿಮಿಷ. ಚುನಾವಣಾ ಪ್ರಣಾಳಿಕೆಗೂ ಇಷ್ಟು ಸಣ್ಣ ಅಕ್ಷರದ ತಿದ್ದುಪಡಿ ಹಾಕುವ ಧೈರ್ಯ ಇಲ್ಲ.

ಕಾರಣ ಇಲ್ಲದೇ ಇಲ್ಲ, ನ್ಯಾಯ ಹೇಳಬೇಕು. ಮಿಕ್ಸಿಯ ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಅದನ್ನು ತಣಿಸುವ ಪುಟ್ಟ ಫ್ಯಾನು ಅದೇ ಕಡ್ಡಿಯ ಮೇಲೆ ಕೂತಿರುತ್ತದೆ. ಜಾರಿಗೆ ಗಟ್ಟಿ ಸರಕು ತುಂಬಿದರೆ ಮೋಟಾರು ನಿಧಾನವಾಗಿ ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಕಾಯುತ್ತದೆ. ಗಾಳಿ ಹೆಚ್ಚು ಬೇಕಾದ ಆ ಹೊತ್ತಿನಲ್ಲೇ ಫ್ಯಾನೂ ನಿಧಾನ. ಹಾಗಾಗಿ ಬಿಟ್ಟು ಬಿಟ್ಟು ಓಡಿಸುವುದು, ಅರ್ಧ ಜಾರು ಹಾಕುವುದು, ಸ್ವಲ್ಪ ನೀರು ಬಿಡುವುದು, ಇವೇ ಅದರ ಆಯಸ್ಸು. ಮಿಕ್ಸಿ ಗಪ್ಪಂತ ನಿಂತರೆ ಬಿಸಾಡುವ ಮೊದಲು ಬುಡ ನೋಡಿ. ಹಲವು ಮಿಕ್ಸಿಗಳಿಗೆ ಅಲ್ಲೊಂದು ಪುಟ್ಟ ಗುಂಡಿ ಇರುತ್ತದೆ, ಓವರ್‌ಲೋಡ್ ಆದಾಗ ಅದು ಹೊರಗೆ ಹಾರಿರುತ್ತದೆ. ಪ್ಲಗ್ಗು ತೆಗೆದು, ಮೋಟಾರು ತಣ್ಣಗಾದ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ. ಇದನ್ನು ಯಾವ "ಇನ್ನಷ್ಟು ಪಡೆಯಿರಿ" ಲೇಖನವೂ ಮೊದಲ ಸಾಲಿನಲ್ಲಿ ಹೇಳುವುದಿಲ್ಲ. ಹೇಳಿದರೆ ಹೊಸ ಮಿಕ್ಸಿಯ ಜಾಹೀರಾತನ್ನು ಪಕ್ಕದಲ್ಲಿ ಹೇಗೆ ಹಾಕುವುದು?

ಜಾರಿನ ಬುಡದಲ್ಲಿರುವ ಕಪ್ಲರ್ ಗೊತ್ತಲ್ಲ, ಹಲ್ಲುಹಲ್ಲಾಗಿರುವ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಚಕ್ರ? ಜಾರು ಸಿಕ್ಕಿಕೊಂಡಾಗ ಮೋಟಾರು ಸುಡುವ ಬದಲು ತಾನು ಹರಿದುಹೋಗಲಿ ಎಂದೇ ಅದನ್ನು ಮೆತ್ತಗೆ ಮಾಡುತ್ತಾರೆ. ಒಳ್ಳೆಯ ಯೋಚನೆ. ಅದು ಹರಿಯಿತು, ಅಂಗಡಿಗೆ ಒಯ್ದೆ.

"ಸಾರ್, ಈ ಕಪ್ಲರ್ ಒಂದು ಬೇಕಿತ್ತು."

"ಮಾಡೆಲ್ ಯಾವ್ದು ಸಾರ್? ಓ, ಇದಾ? ಇದು ಬಂದ್ ಆಗಿದೆ ಸಾರ್. ಕಪ್ಲರ್ ಬಿಡಿಯಾಗಿ ಬರಲ್ಲ. ಜಾರೇ ತಗೋಬೇಕು."

"ಸರಿ, ಜಾರ್ ಕೊಡಿ."

"ಜಾರೂ ಬರ್ತಾ ಇಲ್ಲ ಸಾರ್. ಹೊಸಾ ಮಾಡೆಲ್ದು ಇದೆ, ಇದಕ್ಕೆ ಕೂರಲ್ಲ."

"ಯಾಕೆ ಕೂರಲ್ಲ?"

"ಅರ್ಧ ಸೆಂಟಿಮೀಟ್ರು ಅಗಲ ಜಾಸ್ತಿ ಮಾಡವ್ರೆ ಸಾರ್."

"ಯಾಕೆ?"

"ಇಂಪ್ರೂವ್‌ಮೆಂಟು ಸಾರ್. ಎಕ್ಸ್‌ಚೇಂಜ್ ಆಫರ್ ಇದೆ, ನೋಡ್ತೀರಾ?"

ಅವನ ಮೇಲೆ ಸಿಟ್ಟಿಲ್ಲ. ದಿನಕ್ಕೆ ಇನ್ನೆಷ್ಟು ಜನಕ್ಕೆ ಆ ಅರ್ಧ ಸೆಂಟಿಮೀಟರನ್ನು ಒಪ್ಪಿಸಬೇಕೋ ಪಾಪ. ಆದರೆ ಮುರಿಯಲೆಂದೇ ಮಾಡಿದ ಭಾಗವನ್ನು ಮಾರುವುದಿಲ್ಲ ಎನ್ನುವ ಬುದ್ಧಿವಂತಿಕೆಗೆ ಎದ್ದು ನಿಂತು ಕೈಮುಗಿಯಬೇಕು.

ರೈಸ್ ಕುಕ್ಕರು, ಕಾಫಿ ಮೇಕರುಗಳಲ್ಲಿ ಇದರ ತಮ್ಮನೊಬ್ಬನಿದ್ದಾನೆ, ಥರ್ಮಲ್ ಫ್ಯೂಸು. ಅಕ್ಕಿಕಾಳಿಗಿಂತ ತುಸು ದೊಡ್ಡದು, ಎರಡು ಕಡೆ ತಂತಿ, ಚಿಲ್ಲರೆ ಕಾಸಿನ ಸಾಮಾನು. ಶಾಖ ಮಿತಿಮೀರಿದರೆ ಕಡಿದುಕೊಳ್ಳುತ್ತದೆ, ಮತ್ತೆ ಕೂಡುವುದಿಲ್ಲ. ಮನೆಗೆ ಬೆಂಕಿ ಬೀಳದಿರಲಿ ಅಂತ ಇಟ್ಟದ್ದು, ಇರಲೇಬೇಕು. (ಅದರ ಜಾಗಕ್ಕೆ ತುಂಡು ತಂತಿ ಸುತ್ತಿ ಓಡಿಸುವ ಮಹಾಶಯರಿದ್ದಾರೆ. ಬೇಡ. ಅದೇ ಡಿಗ್ರಿಯ ಹೊಸದನ್ನು ಬಲ್ಲವರ ಕೈಲಿ ಹಾಕಿಸಿ.) ಹಾಕಿಸೋಣ ಅಂತ ತಳ ಬಿಚ್ಚಲು ಹೋದರೆ ಸ್ಕ್ರೂ ತಲೆಯಲ್ಲಿ ಮೂರು ಮೂಲೆಯ ಗುಳಿ! ಮನೆಯ ಯಾವ ಸ್ಕ್ರೂಡ್ರೈವರೂ ಅದಕ್ಕೆ ಕೂರುವುದಿಲ್ಲ. ಬ್ಯಾಂಕಿನ ಲಾಕರಿಗಿಲ್ಲದ ಕಾವಲು ಅನ್ನ ಮಾಡುವ ಪಾತ್ರೆಗೆ.

ಯಂತ್ರವನ್ನು ತೆರೆಯಲು ನಮಗೆ ಅನುಮತಿ ಇಲ್ಲ, ಅದು ನಮ್ಮನ್ನು ತೆರೆದು ನೋಡಲು ಅನುಮತಿ ಕೇಳುತ್ತದೆ. ಬ್ರಿಟನ್ನಿನ ಗ್ರಾಹಕ ಸಂಸ್ಥೆ "ವಿಚ್?" 2024ರ ನವೆಂಬರಿನಲ್ಲಿ ಹೇಳಿದ್ದು ನೆನಪಿರಬೇಕು: ಅದು ಪರೀಕ್ಷಿಸಿದ ಮೂರು ಏರ್ ಫ್ರೈಯರುಗಳ ಆ್ಯಪ್‌ಗಳು ಬಳಕೆದಾರರ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಲು ಅನುಮತಿ ಕೇಳಿದವು. ಕಾರಣ ಮಾತ್ರ ಹೇಳಲಿಲ್ಲ. ಅಡುಗೆಮನೆಯಲ್ಲಿ ನಾವು ಆಡುವ ಮಾತು ಏನಿರುತ್ತದೆ? "ಉಪ್ಪು ಎಲ್ಲಿಟ್ರಿ?" "ನನ್ನ ತಲೆ ಮೇಲೆ." ಇದನ್ನು ಕೇಳಿ ಯಾವ ಉದ್ಯಮ ಬೆಳೆಯುತ್ತದೋ ಬೆಳೆಯಲಿ.

ಇಂಟರ್ನೆಟ್ಟಿಗೂ ಅಡುಗೆಮನೆಗೂ ಸಂಬಂಧ ಹೊಸದೇನಲ್ಲ. 1990ರಲ್ಲೇ ಜಾನ್ ರೋಮ್‌ಕೀ ಎಂಬಾತ ಇಂಟರಾಪ್ ಸಮ್ಮೇಳನದಲ್ಲಿ ಒಂದು ಟೋಸ್ಟರನ್ನು ಇಂಟರ್ನೆಟ್ಟಿಗೆ ಜೋಡಿಸಿ ತೋರಿಸಿದ. ಕಂಪ್ಯೂಟರಿನಿಂದಲೇ ಆನ್, ಕಂಪ್ಯೂಟರಿನಿಂದಲೇ ಆಫ್. ಬ್ರೆಡ್ಡನ್ನು ಮಾತ್ರ ಒಬ್ಬ ಮನುಷ್ಯ ನಿಂತು ಒಳಗೆ ಹಾಕಬೇಕಿತ್ತು. ಮರುವರ್ಷ ಅದಕ್ಕೂ ಪುಟ್ಟ ಕ್ರೇನ್ ಬಂತು. ಒಂದು ಚೂರು ಬ್ರೆಡ್ಡಿಗೆ ಕ್ರೇನ್! 1998ರ ಏಪ್ರಿಲ್ ಒಂದರಂದು ಇಂಟರ್ನೆಟ್ ಎಂಜಿನಿಯರುಗಳು ಕಾಫಿ ಪಾತ್ರೆಗಳನ್ನು ನಿಯಂತ್ರಿಸುವ ನಿಯಮಾವಳಿಯನ್ನೇ ಪ್ರಕಟಿಸಿದರು. ಟೀ ಪಾಟಿಗೆ ಕಾಫಿ ಮಾಡು ಎಂದರೆ ಅದು "418, ನಾನು ಟೀ ಪಾಟು" ಎಂದು ಉತ್ತರ ಕೊಡಬೇಕಂತೆ. ಬೇಕೆಂದೇ ಮಾಡಿದ ತಮಾಷೆ ಅದು. ಆಮೇಲೆ ಬಂದವರು ತಮಾಷೆ ಮಾಡಲಿಲ್ಲ, ಬಂಡವಾಳ ಎತ್ತಿದರು. ಅಮೆರಿಕದ ಜ್ಯೂಸೆರೋ ನೆನಪಿದೆಯಲ್ಲ? ಸುಮಾರು 12 ಕೋಟಿ ಡಾಲರ್ ಹೂಡಿಕೆ, ರಸ ಹಿಂಡಲು ವೈಫೈ ಬೇಡುವ ಯಂತ್ರ, ಹಣ್ಣು-ತರಕಾರಿ ತುಂಬಿದ ಕಂಪನಿಯದೇ ಪೊಟ್ಟಣ. ಪೊಟ್ಟಣ ಹಳೆಯದಾಗಿದ್ದರೆ ಯಂತ್ರ ಹಿಂಡುವುದಿಲ್ಲ ಎನ್ನುತ್ತಿತ್ತು. 2017ರಲ್ಲಿ ಪತ್ರಕರ್ತರು ಆ ಪೊಟ್ಟಣವನ್ನು ಬರಿಗೈಯಲ್ಲಿ ಹಿಂಡಿ ತೋರಿಸಿದರು, ಹೆಚ್ಚುಕಡಿಮೆ ಅಷ್ಟೇ ರಸ ಬಂತು. ಕೆಲವೇ ತಿಂಗಳಲ್ಲಿ ಅಂಗಡಿ ಬಾಗಿಲು ಹಾಕಿತು. ಮನುಷ್ಯನ ಎರಡು ಕೈಗೆ ವೈಫೈ ಬೇಕಿಲ್ಲ ಎಂಬ ತಾಂತ್ರಿಕ ಸಮಸ್ಯೆಯನ್ನು ಯಾರೂ ಮುಂಚೆ ಊಹಿಸಿರಲಿಲ್ಲ.

ಇನ್ನೊಂದು ಕಡೆ, ನಿಜವಾಗಿಯೂ ಉಪಯೋಗಕ್ಕೆ ಬಂದ ಯಂತ್ರದ ಗತಿ ನೋಡಿ. ಇನ್‌ಸ್ಟಂಟ್ ಪಾಟ್ ಎಂಬ ಕರೆಂಟಿನ ಪ್ರೆಶರ್ ಕುಕ್ಕರ್ 2010ರಲ್ಲಿ ಬಂತು, ಜನ ಮುಗಿಬಿದ್ದು ಕೊಂಡರು. 2023ರ ಜೂನಿನಲ್ಲಿ ಅದರ ಕಂಪನಿ ದಿವಾಳಿ ರಕ್ಷಣೆ ಕೋರಿ ಅರ್ಜಿ ಹಾಕಿತು. ಸಾಲ, ಬಡ್ಡಿ, ಕುಸಿದ ಮಾರಾಟ ಅಂತ ಕಾರಣಗಳಿದ್ದವು. ನನಗೆ ಕಾಣುವ ಕಾರಣವೂ ಒಂದಿದೆ: ಒಂದನ್ನು ಕೊಂಡವರಿಗೆ ಇನ್ನೊಂದು ಬೇಕಾಗಲಿಲ್ಲ. ಇಂಥ ಬೇಜವಾಬ್ದಾರಿ ತಯಾರಿಕೆಯನ್ನು ಯಾವ ಹೂಡಿಕೆದಾರ ಸಹಿಸುತ್ತಾನೆ ಹೇಳಿ. ಆ ಪಾಠ ಕಲಿತೇ ಉಳಿದವರು ಜಾರಿನ ಅಗಲ ಅರ್ಧ ಸೆಂಟಿಮೀಟರ್ ಹೆಚ್ಚಿಸುತ್ತಿದ್ದಾರೆ.

ನಗುವುದಕ್ಕೂ ಬೇಜಾರು ಬಂದಿದೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರ ಒಂದೇ ವರ್ಷ ಜಗತ್ತು ಬಿಸಾಡಿದ ವಿದ್ಯುತ್ ಸಾಮಾನು 6.2 ಕೋಟಿ ಟನ್. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಸಣ್ಣ ಉಪಕರಣಗಳು: ಮೈಕ್ರೋವೇವ್, ಟೋಸ್ಟರ್, ಆಟಿಕೆ, ಇಂಥವು. ಆ ಸಣ್ಣವುಗಳಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನೂರಕ್ಕೆ ಹನ್ನೆರಡು. ಯುರೋಪಿನವರು 2024ರಲ್ಲಿ ದುರಸ್ತಿಯ ಹಕ್ಕಿಗೆ ಕಾನೂನು ಮಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಪಟ್ಟಿಯಲ್ಲಿ ವಾಷಿಂಗ್ ಮಷೀನಿದೆ, ಫ್ರಿಜ್ಜಿದೆ, ಪಾತ್ರೆ ತೊಳೆಯುವ ಯಂತ್ರವಿದೆ, ಫೋನಿದೆ, ಕೊನೆಗೆ ವೆಲ್ಡಿಂಗ್ ಉಪಕರಣವೂ ಇದೆ. ಮಿಕ್ಸಿ ಇಲ್ಲ. ಟೋಸ್ಟರ್ ಇಲ್ಲ. ಕೆಟಲ್ ಇಲ್ಲ. ವೆಲ್ಡಿಂಗ್ ಮಾಡಿಕೊಂಡು ಬಂದು ಒಂದು ಲೋಟ ಬಿಸಿನೀರು ಕುಡಿಯಬೇಕೆಂದರೆ ಹೊಸ ಕೆಟಲ್ ತನ್ನಿ.

ಹೀಗಿರುವಾಗ ಇನ್ನಷ್ಟು ಉಪಯೋಗ ಪಡೆಯುವ ಹೊಣೆ ನಮ್ಮದಂತೆ. ನಾವು ಸೋಮಾರಿಗಳಂತೆ, ನಮಗೆ ಕಲ್ಪನೆ ಸಾಲದಂತೆ. ಸಾಕು ಮಾಡಿ. ಹತ್ತು ವರ್ಷ ಓಡಬೇಕಾದದ್ದನ್ನು ಎರಡು ವರ್ಷಕ್ಕೆ ಅಟ್ಟ ಹತ್ತಿಸಿದ್ದು ನಮ್ಮ ಸೋಮಾರಿತನ ಅಲ್ಲ, ಸಿಗದ ಒಂದು ರಬ್ಬರ್ ಚಕ್ರ. ಕೇಕ್ ಮಾಡುವ ಇನ್ನೊಂದು ಉಪಾಯ ನಮಗೆ ಬೇಡ. ಕಪ್ಲರ್ ಕೊಡಿ, ಗ್ಯಾಸ್ಕೆಟ್ ಕೊಡಿ, ಎಲ್ಲರ ಮನೆಯಲ್ಲಿರುವ ಸ್ಕ್ರೂಡ್ರೈವರಿಗೆ ಕೂರುವ ಸ್ಕ್ರೂ ಹಾಕಿ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂದು ಡಬ್ಬದ ಮೇಲೆ, "9 ಇನ್ 1" ಎಂದು ಬರೆದಷ್ಟೇ ದಪ್ಪಕ್ಷರದಲ್ಲಿ ಬರೆಯಿರಿ. ಜಾಗ ಸಾಲದಿದ್ದರೆ ಆ ಒಂಬತ್ತರಲ್ಲಿ ಮೊಸರಿನ ಗುಂಡಿ ತೆಗೆದುಬಿಡಿ, ಅದನ್ನು ಹೇಗೂ ಯಾರೂ ಒತ್ತಿಲ್ಲ.