ದುಬೈ ಕ್ಲಬ್ಬಿನ ಕೀಪರ್

"ನಮ್ಮ ಮಾವ ದುಬೈಯಲ್ಲಿ ಕ್ಲಬ್ಬಿಗೆ ಆಡಿದವರು" ಅಂತ ಅಕ್ಕನ ಮಗ ಮಂಗಳೂರಿನ ನೆಹರೂ ಮೈದಾನದಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದ. ಸುಳ್ಳೇನಲ್ಲ. ಆದರೆ ಅದು ಎಂಥ ಕ್ಲಬ್ಬು ಅಂತ ಅವನು ಕೇಳಿರಲಿಲ್ಲ, ನಾನೂ ಬಿಡಿಸಿ ಹೇಳಿರಲಿಲ್ಲ.

ಆ ಕ್ಲಬ್ಬಿಗೆ ನಾನು ಸೇರಿದ್ದು ಕಾರಿನ ದೆಸೆಯಿಂದ. ಕರಾಮಾದ ಒಂದು ಹೋಟೆಲಿನಲ್ಲಿ ಬನ್ಸ್ ತಿನ್ನುವಾಗ ಬೆಂಗ್ರೆಯವರೊಬ್ಬರ ಪರಿಚಯವಾಯಿತು. ಅವರೇ ಕ್ಯಾಪ್ಟನ್. "ಫುಟ್‌ಬಾಲ್ ಆಡ್ತೀರಾ?" ಅಂತ ಕೇಳಲಿಲ್ಲ. "ನಿಮ್ಮ ಗಾಡಿ ಏಳು ಸೀಟಿಂದಲ್ವಾ?" ಅಂತ ಕೇಳಿದರು. ಮುಂದಿನ ವಾರವೇ ನಾನು ತಂಡದಲ್ಲಿದ್ದೆ. ಒಬ್ಬನಿಗೆ ಮೊಣಕಾಲು ನೋವಾದರೆ ಇನ್ನೊಬ್ಬ ಸಿಗುತ್ತಾನೆ. ದೊಡ್ಡ ಡಿಕ್ಕಿಯ ಗಾಡಿ ಎಲ್ಲಿ ಸಿಗ್ತದೆ ಹೇಳಿ?

ಕೀಪರ್ ಆದದ್ದೂ ಹಾಗೆಯೇ. ಓಡುವಾಗ ಜೇಬಿನಿಂದ ಕೀಲಿ ಬಿದ್ದರೆ ಎಲ್ಲರೂ ನಡೆದು ಹೋಗಬೇಕಾದೀತು ಅಂತ ಅವರಿಗೆ ಹೆದರಿಕೆ. ನಿಂತಲ್ಲೇ ನಿಲ್ಲುವ ಕೆಲಸ ಕೊಟ್ಟರು.

ಕ್ಲಬ್ಬಿಗೆ ಜೆರ್ಸಿ ಇತ್ತು, ಬೆನ್ನಿಗೆ ನಂಬರ್ ಇತ್ತು, ಖಜಾಂಚಿಯೂ ಇದ್ದರು. ಹನ್ನೊಂದು ಜನ ಮಾತ್ರ ಇರಲಿಲ್ಲ. ವಾಟ್ಸಾಪಿನಲ್ಲಿ ಇಪ್ಪತ್ತು ಹೆಬ್ಬೆರಳು ಏಳುತ್ತಿದ್ದವು, ಮೈದಾನಕ್ಕೆ ಏಳು ಜನ. ಒಬ್ಬನಿಗೆ ಡ್ಯೂಟಿ. ಇನ್ನೊಬ್ಬನ ಅತ್ತೆ ಬಜಪೆ ವಿಮಾನದಲ್ಲಿ ಬಂದಿಳಿಯುವವರು. ಮತ್ತೊಬ್ಬ ಶಾರ್ಜಾದ ಟ್ರಾಫಿಕ್‌ನಲ್ಲಿ ಕೂತು "ಐದೇ ನಿಮಿಷ" ಅಂತ ಒಂದು ಗಂಟೆಯಿಂದ ಹೇಳುತ್ತಿದ್ದಾನೆ. ಮೊದಲಾದರೂ ಶುಕ್ರವಾರ ಅಂದರೆ ಹೆಚ್ಚಿನವರಿಗೆ ರಜೆ. 2022ರ ಜನವರಿಯಿಂದ ಸರಕಾರಿ ರಜೆ ಶನಿವಾರ, ಆದಿತ್ಯವಾರಕ್ಕೆ ಹೋಯಿತು. ಶುಕ್ರವಾರ ಅರ್ಧ ದಿನ. ಶಾರ್ಜಾದಲ್ಲಿ ಮಾತ್ರ ಮೂರೂ ದಿನ ರಜೆ! ಖಾಸಗಿ ಕಂಪೆನಿಗಳದ್ದು ಅವರವರ ಇಷ್ಟ. ಹನ್ನೊಂದು ಜನಕ್ಕೂ ಒಟ್ಟಿಗೆ ಪುರುಸೊತ್ತಾಗುವ ದಿನ ವಾರದಲ್ಲೇ ಇಲ್ಲ ಅಂತಾಯಿತು.

ಬೇಸಿಗೆಯಲ್ಲಂತೂ ಹಗಲು 45 ಡಿಗ್ರಿ. ರಾತ್ರಿ ಹನ್ನೊಂದಕ್ಕೆ ಆಟ. ಟರ್ಫಿನ ಬಾಡಿಗೆ ಗಂಟೆ ಲೆಕ್ಕ, ಹೊತ್ತು ಮೀರಿದರೆ ಲೈಟು ಬಂದ್. ಒಮ್ಮೆ ಉಡುಪಿಯವರ ತಂಡದೊಂದಿಗೆ ಸಮ ಸಮ ಆಗಿ ಕೊನೆಗೆ ಅವರಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯುವವನು ಓಡಿ ಬಂದ. ಅಷ್ಟರಲ್ಲಿ ಗಂಟೆ ಮುಗಿಯಿತು. ಗವ್ವೆನ್ನುವ ಕತ್ತಲು. ಧಪ್ ಅಂತ ಏನೋ ನನ್ನ ಹೊಟ್ಟೆಗೆ ಬಡಿಯಿತು. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ನಾನು ಚೆಂಡನ್ನು ತಬ್ಬಿಕೊಂಡು ಮುದುಡಿ ಬಿದ್ದಿದ್ದೇನೆ. ಉಸಿರು ಬರಲು ಹೊತ್ತು ಬೇಕಾಯಿತು. ಸುದ್ದಿ ಮಾತ್ರ ನನಗಿಂತ ಮೊದಲೇ ಊರಿಗೆ ಬಂತು: "ಕತ್ತಲಲ್ಲೂ ಪೆನಾಲ್ಟಿ ಹಿಡಿದವರು."

ಹಾಗಾಗಿ ಈ ಜುಲೈಯಲ್ಲಿ ನೆಹರೂ ಮೈದಾನ. ಬೂಟು ಎರಡು ಮಳೆಗಾಲ ಅಟ್ಟದಲ್ಲೇ ಇತ್ತು. ಇಳಿಸಿ ನೋಡಿದರೆ ಮೈಯೆಲ್ಲ ಬೂಸ್ಟು, ತೆಂಗಿನಕಾಯಿ ಹೋಳಿನ ಮೇಲೆ ಬರುವಂಥದ್ದೇ. ಒರೆಸಿದೆ, ಹೊಳೆಯಿತು. ಒಳಗಿನ ಗೋಂದು ಸತ್ತದ್ದು ಯಾರಿಗೆ ಗೊತ್ತು? ಮೊದಲ ಗೋಲ್‌ಕಿಕ್ಕಿಗೆ ಚೆಂಡು ಹತ್ತಡಿ ಹೋಯಿತು, ಬೂಟಿನ ಅಡಿ ಇಪ್ಪತ್ತಡಿ. ಎದುರು ತಂಡದ ಹುಡುಗನೊಬ್ಬ ಎತ್ತಿಕೊಂಡು ಬಂದು, "ಅಣ್ಣ, ಇದು ನಿಮ್ದಾ?" ಅಂತ ಬಹಳ ಮರ್ಯಾದೆಯಿಂದ ಕೊಟ್ಟ.

ಅದನ್ನಾದರೂ ಮಳೆಯ ಮೇಲೆ ಹಾಕಬಹುದಿತ್ತು. ಆಮೇಲಿನದ್ದಕ್ಕೆ ನೆಪವಿಲ್ಲ. ಅವರು ಹೊಡೆದ ಚೆಂಡು ಗೋಲಿನ ಎದುರಿನ ಕೆಸರುಗುಂಡಿಯಲ್ಲಿ ತಾನಾಗಿಯೇ ನಿಂತಿತ್ತು. ಸುಮ್ನೆ ಇದ್ದಿದ್ದರೆ ಆಗಿತ್ತು. ದುಬೈ ಕೀಪರ್ ಅಲ್ವಾ, ಹಾರಿದೆ. ಚೆಂಡು ಸಿಕ್ಕಿತು. ಹಿಡಿದ ಚೆಂಡಿನ ಸಮೇತ ಕೆಸರಲ್ಲಿ ಜಾರಿ ಗೆರೆ ದಾಟಿ ಬಲೆಯೊಳಗೆ ಹೋಗಿ ಬಿದ್ದೆ.

ಆಟ ಮುಗಿದ ಮೇಲೆ ಸ್ಟೇಟ್‌ಬ್ಯಾಂಕ್ ಹತ್ತಿರ ಚಾ, ಗೋಳಿಬಜೆ. ಅಳಿಯ ಎರಡು ಗೋಳಿಬಜೆ ಮುಗಿಯುವ ತನಕ ಮಾತಾಡಲಿಲ್ಲ. ಮೂರನೆಯದ್ದನ್ನು ಚಟ್ನಿಗೆ ಅದ್ದಿ, "ಮಾವ, ಬರುವ ವಾರ ಉಳ್ಳಾಲದಲ್ಲಿ ಮ್ಯಾಚ್ ಉಂಟು" ಅಂದ.

ನಾನು ಅಡಿಯಿಲ್ಲದ ಬೂಟು ನೋಡುತ್ತಾ ಕೂತೆ.

"ನಿಮ್ಮ ಕಾರಲ್ಲಿ ಎಷ್ಟು ಜನ ಹಿಡೀತಾರೆ?"

"ಈಗಿನದ್ದು ಸಣ್ಣದು ಮಾರಾಯ. ಐದೇ ಸೀಟು."

ಸ್ವಲ್ಪ ಯೋಚಿಸಿದ.

"ಡಿಕ್ಕಿ ದೊಡ್ಡದುಂಟಾ?"