ಮುಂಗಾರಿನ ತಿಮಿಂಗಿಲಕ್ಕೆ ಬೇರೆ ಸಮುದ್ರವಿಲ್ಲ

ಜೂನ್‌ನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಕಣಕುಂಬಿ, ಜಾಂಬೋಟಿ ಕಡೆ ಮಳೆ ಹಿಡಿಸುವ ಗಾಳಿ ಅರಬ್ಬಿ ಸಮುದ್ರದ ಆಚೆ ದಡದಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಓಮನ್ ಕರಾವಳಿಯಲ್ಲಿ ಮೇಲಿನ ನೀರನ್ನು ದೂರ ತಳ್ಳುತ್ತದೆ. ಆಗ ಆಳದ ತಣ್ಣನೆಯ, ಸತ್ವ ತುಂಬಿದ ನೀರು ಮೇಲೆ ಬರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆಯುತ್ತವೆ, ಅವುಗಳ ಹಿಂದೆ ಬೂತಾಯಿ ಮೀನಿನ ಹಿಂಡು ಬರುತ್ತದೆ. ಈ ಊಟ ನಂಬಿಕೊಂಡು ಬದುಕುವ ತಿಮಿಂಗಿಲವೊಂದಿದೆ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್.

ಬೇರೆ ಸಾಗರಗಳ ಹಂಪ್‌ಬ್ಯಾಕ್‌ಗಳು ಊಟಕ್ಕೆ ಧ್ರುವದ ಕಡೆ ಹೋಗುತ್ತವೆ, ಮರಿ ಹಾಕಲು ಬಿಸಿ ನೀರಿಗೆ ಬರುತ್ತವೆ. ಇದು ಅರಬ್ಬಿ ಸಮುದ್ರ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಊಟ, ಜೊತೆ, ಮರಿ ಎಲ್ಲ ಇಲ್ಲೇ. ಸುಮಾರು 70,000 ವರ್ಷಗಳಿಂದ ಉಳಿದ ಬಳಗದಿಂದ ಬೇರೆಯಾಗಿಯೇ ಬದುಕಿದೆ ಎಂದು ವಂಶವಾಹಿ ಅಧ್ಯಯನ ಹೇಳುತ್ತದೆ. ಇಲ್ಲಿ ತೈಲದ ಹುಡುಕಾಟದಿಂದ ತೊಂದರೆಯಾದರೆ ಅದು ಹೋಗುವುದಾದರೂ ಎಲ್ಲಿಗೆ?

1966ರಲ್ಲಿ ಸೋವಿಯತ್ ಹಡಗುಗಳು ಕಾನೂನು ಮೀರಿ ಇಲ್ಲಿಗೆ ನುಗ್ಗಿ 240ರಷ್ಟು ಹಂಪ್‌ಬ್ಯಾಕ್‌ಗಳನ್ನು ಕೊಂದವು. ಇವತ್ತು ಓಮನ್ ಬಳಿ ಇರುವುದು ನೂರಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಒಂದು ಹೆಣ್ಣು ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಕಳೆದುಕೊಂಡಿದ್ದು ಬೇಗ ತುಂಬುವುದಿಲ್ಲ.

ಇದು ಓಮನ್‌ನವರ ಚಿಂತೆ ಅಂದುಕೊಳ್ಳಬೇಡಿ. 2017ರ ಕೊನೆಯಲ್ಲಿ ವಿಜ್ಞಾನಿಗಳು ಉಪಗ್ರಹ ಟ್ಯಾಗ್ ಹಾಕಿದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಇಡೀ ಸಮುದ್ರ ದಾಟಿ ಗೋವಾ ಬಳಿ ಬಂತು. ಅಲ್ಲಿಂದ ಕರಾವಳಿಗುಂಟ ದಕ್ಷಿಣಕ್ಕೆ ಇಳಿಯಿತು. ಆಮೇಲೆ ಓಮನ್‌ಗೆ ವಾಪಸ್. ಅಂದರೆ ನಮ್ಮ ಕಾರವಾರ, ಹೊನ್ನಾವರದ ಆಚೆಗಿನ ನೀರೇ ಅದರ ದಾರಿ. ಈ ಸುದ್ದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಈಗ ಎಣ್ಣೆಯ ಮಾತಿಗೆ ಬರುತ್ತೇನೆ. ತೈಲ ಸೋರಿದರೆ ಅನಾಹುತ ಅಂತ ಎಲ್ಲರಿಗೂ ಗೊತ್ತು. ಆದರೆ ಕೊರೆಯುವ ಮೊದಲೇ ಹಿಂಸೆ ಶುರುವಾಗುತ್ತದೆ. ಹುಡುಕಾಟದ ಹಡಗು ಏರ್‌ಗನ್‌ಗಳ ಸಾಲನ್ನು ಎಳೆದುಕೊಂಡು ಹೋಗುತ್ತದೆ. ಒತ್ತಿಟ್ಟ ಗಾಳಿ ಒಮ್ಮೆಲೇ ಸಿಡಿಯುತ್ತದೆ. ಆ ಸದ್ದು ಸಮುದ್ರದ ತಳದ ಪದರಗಳಿಗೆ ಬಡಿದು ವಾಪಸ್ ಬಂದಾಗ ಎಣ್ಣೆ ಎಲ್ಲಿದೆ ಅಂತ ಲೆಕ್ಕ ಹಾಕುತ್ತಾರೆ. ಹತ್ತು ಹದಿನೈದು ಸೆಕೆಂಡಿಗೊಂದು ಸ್ಫೋಟ, ಹಗಲೂ ರಾತ್ರಿ, ವಾರಗಟ್ಟಲೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ ವೇಗದಲ್ಲಿ ಹೋಗುತ್ತದೆ, ಬಹಳ ದೂರ ಹೋಗುತ್ತದೆ. ತಿಮಿಂಗಿಲಕ್ಕೆ ಕತ್ತಲ ನೀರಿನಲ್ಲಿ ಕಿವಿಯೇ ಕಣ್ಣು. ಗಂಡು ಗಂಟೆಗಟ್ಟಲೆ ಹಾಡುತ್ತದೆ. ತಾಯಿ ಮರಿ ಮೆಲ್ಲಗೆ ಸದ್ದು ಮಾಡಿಕೊಂಡು ಒಟ್ಟಿಗಿರುತ್ತವೆ. ಆ ಗದ್ದಲದಲ್ಲಿ ಯಾರ ದನಿ ಯಾರಿಗೆ ಕೇಳಬೇಕು ಹೇಳಿ!

ಮೆಕ್ಸಿಕೋ ಕೊಲ್ಲಿಯಲ್ಲಿ ಏನಾಯಿತು ನೋಡಿ. ಅಲ್ಲಿನ ರೈಸ್ ತಿಮಿಂಗಿಲವನ್ನು ಬೇರೆಯೇ ಜಾತಿ ಅಂತ ವಿಜ್ಞಾನ ಗುರುತಿಸಿದ್ದು 2021ರಲ್ಲಿ. ಉಳಿದಿರುವುದು ಐವತ್ತರ ಆಸುಪಾಸು. 2010ರಲ್ಲಿ ಡೀಪ್‌ವಾಟರ್ ಹರೈಸನ್ ಎಂಬ ತೈಲ ಕೊರೆಯುವ ವೇದಿಕೆಯ ಸ್ಫೋಟದಲ್ಲಿ 11 ಕೆಲಸಗಾರರು ಸತ್ತರು, 87 ದಿನ ಎಣ್ಣೆ ಸುರಿಯಿತು, ಈ ತಿಮಿಂಗಿಲಗಳ ಸಂಖ್ಯೆ ಶೇ. 22ರಷ್ಟು ಕುಸಿಯಿತು ಎಂದು ಅಂದಾಜಿಸಿದ್ದಾರೆ. ಹೆಸರಿಡುವ ಹೊತ್ತಿಗೆ ಕೈ ಮೀರುತ್ತಾ ಬಂದಿತ್ತು. ನಮ್ಮ ಹಂಪ್‌ಬ್ಯಾಕ್‌ಗೆ ಹಾಗಾಗಬಾರದು ಅನ್ನುವುದಷ್ಟೇ ನನ್ನ ಕಳಕಳಿ.

ಆದರೆ ನಾವು ಹೊರಟಿರುವ ದಿಕ್ಕು ಬೇರೆ. ಕೇರಳ–ಕೊಂಕಣ ಕರಾವಳಿಯ ಆಚೆಗೂ ತೈಲ ಹುಡುಕಲು ಬ್ಲಾಕ್ ಕೊಟ್ಟಿದ್ದಾರೆ, ಅಂದರೆ ಕಂಪನಿಗಳಿಗೆ ಸಮುದ್ರದ ತುಂಡುಗಳನ್ನು ಗುರುತು ಮಾಡಿ ವಹಿಸಿದ್ದಾರೆ. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ತೈಲ, ಅನಿಲ ಹುಡುಕಾಟವನ್ನು ಬಿ2 ವರ್ಗಕ್ಕೆ ಇಳಿಸಿತು. ಹಾಗಾಗಿ ಹುಡುಕಾಟದ ಹಂತದಲ್ಲಿ ಪೂರ್ತಿ ಪರಿಸರ ಪರಿಣಾಮ ವರದಿ ಬೇಡ, ಸಾರ್ವಜನಿಕ ಅಹವಾಲು ಬೇಡ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಸಾಲಿನಲ್ಲಿರುವ ಪ್ರಾಣಿಯ ಮನೆಯಲ್ಲಿ ಇಷ್ಟು ಸಲೀಸಾಗಿ ಕೊರೆಯಲು ಬಿಡುವುದಾ?

ದೇಶಕ್ಕೆ ಎಣ್ಣೆ ಬೇಡವಾ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಜಾಸ್ತಿ ಹೊರಗಿನಿಂದ ತರುತ್ತೇವೆ, ಟ್ರ್ಯಾಕ್ಟರ್ ಓಡುವುದೂ ಡೀಸೆಲ್‌ನಲ್ಲೇ. ಮುಂಬೈ ಆಚೆಗಿನ ಸಮುದ್ರದ ತೈಲ ಕ್ಷೇತ್ರ ಮುಂಬೈ ಹೈ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಹೊಸ ಬ್ಲಾಕ್ ಕೊಡುವ ಮೊದಲು ನೀರಿನಲ್ಲಿ ಮೈಕ್ ಇಳಿಸಿ ವರ್ಷವಿಡೀ ಕೇಳಿ. ತಿಮಿಂಗಿಲ ಇರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಅದನ್ನು ಹರಾಜಿನಿಂದ ಹೊರಗಿಡಿ. ಮರಿ ಹಾಕುವ ಚಳಿಗಾಲದ ತಿಂಗಳುಗಳಲ್ಲಿ ಏರ್‌ಗನ್ ಬೇಡವೇ ಬೇಡ. ಅಹವಾಲು ಸಭೆ ಮತ್ತೆ ಬರಲಿ, ಕಾರವಾರದ ಮೀನುಗಾರರೂ ಮಾತಾಡಲಿ.

“ಅಲ್ಲೋ ದೋಸ್ತಾ, ನಮ್ಮ ಜಿಲ್ಲಾದಾಗ ಸಮುದ್ರ ಎಲ್ಲೈತಿ?” ಅಂತ ಗೆಳೆಯನೊಬ್ಬ ಕೇಳಿದ. ಇದೆ. ಖಾನಾಪುರದಲ್ಲಿ ಹುಟ್ಟುವ ಮಹದಾಯಿ ಪಣಜಿಯಲ್ಲಿ ಅದೇ ಸಮುದ್ರ ಸೇರುತ್ತದೆ. ಇನ್ನೂ ನೇರವಾದ ಮಾತು: ಖಾನಾಪುರ, ಕಿತ್ತೂರು ಎರಡೂ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿವೆ. ಕಾರವಾರದ ಕಡಲಿಗೂ ಈ ಎರಡು ತಾಲ್ಲೂಕುಗಳಿಗೂ ಸಂಸದರು ಒಬ್ಬರೇ. ಅಲ್ಲಿನ ಗೆಳೆಯರೇ, ಅವರು ಊರಿಗೆ ಬಂದಾಗ ರಸ್ತೆ, ರೈಲಿನ ಜೊತೆ ಇದನ್ನೂ ಕೇಳಿ: ಕೇರಳ–ಕೊಂಕಣ ಬ್ಲಾಕ್‌ಗಳಲ್ಲಿ ತಿಮಿಂಗಿಲದ ಸಮೀಕ್ಷೆ ಆಗಿದೆಯಾ? ಆಗಿದ್ದರೆ ವರದಿ ಎಲ್ಲಿ?