ಬೇಲಿಗೆ ಪತ್ತನಾಜೆ ಇಲ್ಲ

ಮಂಗಳೂರಿನ ನಮ್ಮ ಮನೆಯೆದುರು ಒಂದು ಸಾರ್ವಜನಿಕ ಪಾರ್ಕ್ ಉಂಟು. ಉಂಟು ಅಂತ ನಂಬಿದ್ದೇವೆ. ಗ್ರಿಲ್ ಬೇಲಿಯ ಸಂದಿಯಲ್ಲಿ ಒಳಗಿನ ಜಾರುಬಂಡೆ ಕಾಣದೆ ಎರಡು ವರ್ಷವಾಯಿತು. ಯಾರಾದರೂ ದಾರಿ ಕೇಳಿದರೆ "ಬ್ಯಾನರ್ ಬೇಲಿಯ ಎದುರು ಮನೆ" ಎನ್ನುತ್ತೇವೆ. ತಪ್ಪದೆ ಬರುತ್ತಾರೆ.

ದೀಪಾವಳಿ ಮುಗಿಯಿತೋ, ಬೇಲಿಗೆ ಸುಗ್ಗಿ. ಕಂಬಳ, ದೈವದ ನೇಮ, ಬ್ರಹ್ಮಕಲಶ, ಬಯಲಾಟ, ಅಂಡರ್‌ ಆರ್ಮ್ ಕ್ರಿಕೆಟ್. ತಾರೀಕು ಯಾವುದೋ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ. ಮಿಕ್ಕಿದ್ದೆಲ್ಲ ಶುಭಕೋರುವವರ ಪಾಲು. ಮೊನ್ನೆ ಒಂದರಲ್ಲಿ ಎಣಿಸಿದೆ, 31 ಮುಖ. ಅರ್ಧ ಜನ ಕೈಮುಗಿದಿದ್ದಾರೆ, ಉಳಿದವರು ಮೊಬೈಲಿನಲ್ಲಿ ಮಾತಾಡುತ್ತಿದ್ದಾರೆ. ಯಾರ ಹತ್ತಿರ ಅಂತ ಬರೆದಿಲ್ಲ.

ಜಾಗ ಸಾಲದೆ ಒಂದರ ಮೇಲೊಂದು ಕಟ್ಟುವುದೂ ಉಂಟು. ಹೀಗೆ ಒಂದು ವಾರ ಪೂರ್ತಿ ನಮ್ಮ ಬೇಲಿ "ನಮ್ಮನ್ನಗಲಿದ ತಮಗೆ ಹಾರ್ದಿಕ ಅಭಿನಂದನೆಗಳು" ಎಂದು ಸಾರುತ್ತಿತ್ತು. ಯಾರೂ ಬಿಚ್ಚಲಿಲ್ಲ. ಸತ್ತವರ ಮನೆಯವರು ಅದು ಗೆದ್ದವರದ್ದು ಅಂದುಕೊಂಡರು, ಗೆದ್ದವರು ಓದಲಿಲ್ಲ.

ಕಾನೂನು ಇಲ್ಲವೆಂದಲ್ಲ. ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯುವ ರಾಜ್ಯದ ಕಾಯ್ದೆ 1981ರಷ್ಟು ಹಿಂದಿನದು. ಅನುಮತಿ ಇಲ್ಲದೆ ತೂಗುಹಾಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅದೃಷ್ಟವಿದ್ದರೆ ಎರಡೂ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ತಟ್ಟೆ, ಚಮಚಗಳ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. ಚಮಚಗಳು ಒಂದಿಷ್ಟು ಕಡಿಮೆಯಾದವು. ಚಮಚಾಗಳು ಬೇಲಿಯಲ್ಲೇ ಉಳಿದರು.

ಮೇ ಕೊನೆಗೆ ತುಳುನಾಡಿನ ಉತ್ಸವಗಳ ಕಾಲ ಮುಗಿಯುವ ದಿನ ಪತ್ತನಾಜೆ. ಅದು ಬಂದರೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನೇಮ ಕೋಲಗಳೂ ನಿಲ್ಲುತ್ತವೆ. ದೈವಕ್ಕೂ ರಜೆ ಉಂಟು, ಬೇಲಿಗಿಲ್ಲ. ಹುಟ್ಟುಹಬ್ಬದವರು ಎಲ್ಲಿಗೆ ಹೋಗಬೇಕು? ಅಷ್ಟರಲ್ಲಿ ಮೊಸರು ಕುಡಿಕೆ, ಚೌತಿ, ಮಾರ್ನೆಮಿ.

ಆದರೆ ಫ್ಲೆಕ್ಸಿನ ನಿಜವಾದ ಸಮಾಜಸೇವೆ ಸುರುವಾಗುವುದು ಪತ್ತನಾಜೆಯ ನಂತರವೇ. ಮಳೆ ಹಿಡಿಯುವ ಮುಂಚೆ ಬಚ್ಚಲೊಲೆಯ ಸೌದೆ, ಮಡಲು, ಗೆರಟೆ ಮುಚ್ಚಬೇಕಲ್ಲ! ನೆರೆಮನೆಯ ಗಿರಿಜಕ್ಕ ಏಪ್ರಿಲ್ಲಿನಲ್ಲೇ ಬೇಲಿಯುದ್ದಕ್ಕೂ ನಡೆದು, ಅಂಚು ಹಿಡಿದು ಉಜ್ಜಿ ನೋಡಿ, ಕಟ್ಟುವ ಹುಡುಗರಿಗೆ ಹೇಳಿಡುತ್ತಾರೆ.

"ಯಾವ ಪಕ್ಷದ್ದು ಒಳ್ಳೆಯದು ಅಕ್ಕ?" ಎಂದು ಕೇಳಿದೆ.

"ಪಕ್ಷ ಎಂತ ನೋಡುವುದು? ದಪ್ಪ ನೋಡಬೇಕು. ಹೋದ ವರ್ಷ ದೊಡ್ಡ ಹೆಸರು ಅಂತ ಒಬ್ಬರನ್ನು ತಂದು ಹಾಕಿದೆ. ಆಟಿ ತಿಂಗಳಿಗೇ ಸೋರಿದರು. ಆ ಕ್ರಿಕೆಟಿನ ಹುಡುಗರು ನೋಡಿ, ಚೌತಿವರೆಗೆ ಒಂದು ಹನಿ ಬಿಡಲಿಲ್ಲ."

ಈ ಸಲ ಕೋಳಿಗೂಡಿಗೂ ಬೇಕಂತೆ. ಬೇಲಿಯ ಮೂಲೆಯಲ್ಲಿ ಕೈಮುಗಿದು ನಿಂತಿದ್ದ ಭಾವೀ ಅಭ್ಯರ್ಥಿಯನ್ನು ಸೆರಗಿನಿಂದಲೇ ಅಳೆದು ನೋಡಿದರು. ಎರಡು ಅಡಿ ಸಾಲಲಿಲ್ಲ.

"ಇವರ ಹುಟ್ಟುಹಬ್ಬ ಯಾವಾಗ ಮಾರಾಯ್ರೇ? ಪತ್ತನಾಜೆಯ ಒಳಗೆ ಬರ್ತದಾ?"